ಸುಕೇಶನ ಕೈಯ ಮಾತ್ರೆ

ಹೆದರಿಕೆಯೇ ಇಲ್ಲ ಎಂದು ಜಂಭ ಕೊಚ್ಚುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರು ಕೋರೆ ಕಾಲನಿಯಲ್ಲಿ ಒಂದು ವಾರ ಕೆಲಸ ಮಾಡಿ ತೋರಿಸಲಿ, ಆಮೇಲೆ ಮಾತಾಡೋಣ. ನನಗೆ ಹೆದರಿಕೆ ಉಂಟು. ಇರುವುದರಿಂದಲೇ ಈ ಐವತ್ತನಾಲ್ಕನೇ ವಯಸ್ಸಿನಲ್ಲೂ ಕೈಕಾಲು ನೆಟ್ಟಗಿದೆ.

ನನ್ನ ಹೆಸರು ಬೆನೆಡಿಕ್ಟಾ. ಮನೆ ಕಲ್ಯಾಣಪುರ, ಕೆಲಸ ನರ್ಸ್. ವಾರ್ಡಿನಲ್ಲಿ ಫ್ಯಾನಿನ ಅಡಿ ಓಡಾಡುವ ನರ್ಸ್ ಅಲ್ಲ. ಇನ್ನು ಗುಣವಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಹೇಳಿದ ಮೇಲೆ ಅಂಥವರ ಮನೆಗೆ ಹೋಗುವವಳು. ಮಣಿಪಾಲದಲ್ಲಿ ನಮ್ಮದೊಂದು ಸಣ್ಣ ಟ್ರಸ್ಟ್ ಇದೆ. ಒಬ್ಬರು ಡಾಕ್ಟರು, ಮೂವರು ನರ್ಸುಗಳು, ಸದಾ ಕೆಟ್ಟು ನಿಲ್ಲುವ ಒಂದು ವ್ಯಾನು. ವ್ಯಾನನ್ನು ನಂಬಿದರೆ ರೋಗಿ ಅಷ್ಟರಲ್ಲಿ ದೇವರ ಪಾದ ಸೇರಿರುತ್ತಾನೆ ಎಂದು ನಾನು ನನ್ನ ಸ್ಕೂಟರಿನಲ್ಲೇ ತಿರುಗುತ್ತೇನೆ. ಗಾಯ ತೊಳೆಯುವುದು, ಮೂತ್ರದ ನಳಿಕೆ ಬದಲಾಯಿಸುವುದು, ನೋವಿನ ಮಾತ್ರೆ ಕೊಡುವುದು, ಮನೆಯವರಿಗೆ ಬೈಯುವುದು, ಇಷ್ಟು ನನ್ನ ಕೆಲಸ. ಕೊನೆಯದನ್ನು ಸಂಬಳ ಕೊಡದಿದ್ದರೂ ಮಾಡಿಯೇನು.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಕೋರೆ ಕಾಲನಿ. ಹಿಂದೆ ಕಲ್ಲು ಕಡಿದು ಬಿಟ್ಟುಹೋದ ದೊಡ್ಡ ಹೊಂಡ, ಅದರ ಸುತ್ತ ತಗಡು ಹಂಚಿನ ಮನೆಗಳು. ಅಲ್ಲಿ ಗಾಂಜಾ ಮಾರುತ್ತಾರೆ, ಈಚೆಗೆ ಪುಡಿಯನ್ನೂ ಮಾರುತ್ತಾರೆ. ತಲವಾರು ಇಲ್ಲದ ಜಗಳ ಅಲ್ಲಿ ಜಗಳವೇ ಅಲ್ಲ. ಊಟ ತರುವ ಹುಡುಗರು ರಸ್ತೆಯಲ್ಲೇ ನಿಂತು ಫೋನ್ ಮಾಡುತ್ತಾರೆ, ಆಂಬುಲೆನ್ಸ್ ಕೂಡ ಅಲ್ಲೇ ನಿಲ್ಲುತ್ತದೆ. ನಾನು ಮೊದಲು ಹೋಗುವಾಗ ಬೀಟ್ ಪೊಲೀಸಿನವನೇ ಹೇಳಿದ: "ಒಳಗೆ ಹೋಗುವ ಮೊದಲು ಸುಕೇಶನಿಗೆ ಒಂದು ಮಾತು ಹೇಳಿಬಿಡಿ ಸಿಸ್ಟರ್. ಆಮೇಲೆ ನಿಮ್ಮ ಕೂದಲು ಕೊಂಕುವುದಿಲ್ಲ." ಸರಕಾರದ ಸಂಬಳ ತಿನ್ನುವವನ ಬಾಯಲ್ಲಿ ಬರುವ ಮಾತಾ ಇದು! ಆದರೆ ಅವನು ಹೇಳಿದ್ದು ಸರಿಯೇ ಇತ್ತು.

ನನಗೂ ಇದು ಹೊಸದಲ್ಲ. ಇಂಥ ಜಾಗಗಳಲ್ಲಿ ನಾನು ಮೊದಲು ಮಾಡುವ ಕೆಲಸವೇ ಅದು. ಅಲ್ಲಿ ಎಲ್ಲರೂ ಯಾರಿಗೆ ಹೆದರುತ್ತಾರೋ ಅವನನ್ನು ಹುಡುಕಿ, ನಮಸ್ಕಾರ ಹೇಳಿ, ನನ್ನ ಬ್ಯಾಗ್ ತೆರೆದು ತೋರಿಸಿ, ನಾನು ಪೊಲೀಸರ ಕಡೆಯವಳೂ ಅಲ್ಲ, ಪಾರ್ಟಿಯವಳೂ ಅಲ್ಲ ಎನ್ನುತ್ತೇನೆ. ಅವನ ಮನೆಯಲ್ಲಿ ಬಿಪಿ ಇರುವ ಒಬ್ಬ ತಾಯಿಯೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ಅವರ ಬಿಪಿ ನೋಡುತ್ತೇನೆ. ಅಲ್ಲಿಗೆ ಮುಗಿಯಿತು. ಹೊಸ ನರ್ಸುಗಳಿಗೆ ನಾನು ಇದನ್ನು ಪಾಠ ಮಾಡಿದ ಹಾಗೆ ಹೇಳಿಕೊಡುತ್ತಿದ್ದೆ. ಎಷ್ಟು ಹೆಮ್ಮೆ ನನಗೆ!

ಸುಕೇಶನಿಗೆ ನಲವತ್ತರ ಹತ್ತಿರ. ಇಸ್ತ್ರಿ ಹಾಕಿದ ಅಂಗಿ, ಹಣೆಗೆ ಕುಂಕುಮ, ಮಾತು ಮೆತ್ತಗೆ. ಕಾಲನಿಯ ಬಾಯಲ್ಲೇ ಇರುವ ಕೇರಂ ಕ್ಲಬ್ಬಿನ ಎದುರು ಕೂರುತ್ತಿದ್ದ. "ನೀವು ಬನ್ನಿ ಸಿಸ್ಟರ್, ಯಾವಾಗ ಬೇಕಾದರೂ ಬನ್ನಿ. ನಿಮ್ಮ ಸ್ಕೂಟರಿಗೆ ನಾನು ಜವಾಬ್ದಾರಿ" ಎಂದ. ಹಾಗೆಯೇ ನಡೆದುಕೊಂಡ ಕೂಡ.

ಆ ಕಾಲನಿಯಲ್ಲಿ ನನಗೆ ಎಲ್ಲರಿಗಿಂತ ಮುಖ್ಯವಾದವರು ವಾರಿಜಕ್ಕ. ಗರ್ಭಕೋಶದ ಕ್ಯಾನ್ಸರ್, ಅದು ಬೆನ್ನೆಲುಬಿಗೆ ಹತ್ತಿತ್ತು. ಮಗ ತೀರಿಹೋಗಿದ್ದ, ಸೊಸೆ ಪ್ರಭಾವತಿ ಮೀನು ಶುಚಿ ಮಾಡುವ ಫ್ಯಾಕ್ಟರಿಗೆ ಹೋಗಿ ಮನೆ ನಡೆಸುತ್ತಿದ್ದಳು. ಮೂಳೆಯ ನೋವು ಏನೆಂದು ನೋಡಿದವರಿಗೇ ಗೊತ್ತು. ಮಗ್ಗುಲು ಬದಲಿಸುವಾಗ ವಾರಿಜಕ್ಕ ಸೆರಗಿನ ತುದಿಯನ್ನು ಕಚ್ಚಿಕೊಳ್ಳುತ್ತಿದ್ದರು. ಎಲ್ಲ ಸೆರಗುಗಳ ತುದಿಯೂ ಹರಿದಿತ್ತು. ಆ ನೋವಿಗೆ ಇರುವುದು ಒಂದೇ, ಮಾರ್ಫಿನ್ ಮಾತ್ರೆ. ಬೆಳಿಗ್ಗೆ ಒಂದು, ಸಂಜೆ ಒಂದು. ಅದು ಹೊಟ್ಟೆಗೆ ಹೋದರೆ ಮನುಷ್ಯರು ಮನುಷ್ಯರ ಹಾಗೆ ಸಾಯಬಹುದು. ನಾನು ದೇವರಲ್ಲಿ ಕೇಳುವುದೂ ಅಷ್ಟೇ. ವಾರಿಜಕ್ಕ ಹೇಗೂ ಹೋಗುವವರು, ಆದರೆ ಹೀಗೆ ನರಳಿ ಹೋಗಬಾರದು.

ಆದರೆ ಮಾರ್ಫಿನ್ ಎಂದರೆ ಆ ಕಾಲನಿಯ ಹುಡುಗರಿಗೂ ಬೇಕಾದ ಸಾಮಾನು. ಮೊದಲ ಸಲ ಕೊಟ್ಟ ಮಾತ್ರೆ ವಾರದೊಳಗೆ ಮಾಯವಾಯಿತು. ಎರಡನೇ ಸಲ ಪ್ರಭಾವತಿ, ಜೊತೆಗೆ ಒಯ್ದರೆ ದಾರಿಯಲ್ಲೇ ಕಿತ್ತುಕೊಂಡಾರು ಎಂದು, ಅಕ್ಕಿ ಡಬ್ಬದೊಳಗೆ ಅಡಗಿಸಿಟ್ಟಳು. ಅವಳು ಕೆಲಸಕ್ಕೆ ಹೋದಾಗ ಹಿಂದಿನ ಬಾಗಿಲು ಮುರಿದು, ಎದ್ದು ಕೂರಲಾಗದ ಮುದುಕಿಯ ಕಣ್ಣೆದುರೇ ಅಕ್ಕಿಯನ್ನೆಲ್ಲ ಸುರಿದು ತೆಗೆದುಕೊಂಡು ಹೋದರು. ನಮ್ಮ ಡಾಕ್ಟರು ಪ್ರಿಯಂವದಾ ತಲೆಯ ಮೇಲೆ ಕೈ ಹೊತ್ತು ಕೂತರು. "ಇನ್ನೊಂದು ಸಲ ಕಳವಾದರೆ ಆ ಮನೆಗೆ ಮಾರ್ಫಿನ್ ಕೊಡುವ ಹಾಗಿಲ್ಲ ಬೆನೆಡಿಕ್ಟಾ. ನಮ್ಮ ಲೈಸೆನ್ಸೇ ಹೋಗುತ್ತದೆ" ಎಂದರು. ಚರ್ಮಕ್ಕೆ ಅಂಟಿಸುವ ಪಟ್ಟಿಯಾದರೆ ಆದೀತೇ ಎಂದು ಕೇಳಿದೆ. ಅದರ ಬೆಲೆ ನಮಗೆ ಎಟುಕುವುದಲ್ಲ ಎಂದರು. ಟ್ರಸ್ಟಿನಲ್ಲಿ ರೋಗಿಗಳನ್ನು ಇಟ್ಟುಕೊಳ್ಳಲು ಇರುವ ನಾಲ್ಕೇ ಹಾಸಿಗೆಗಳಿಗೋ, ಕಾಯುವವರ ದೊಡ್ಡ ಸಾಲೇ ಇತ್ತು.

ಆಗ ನನ್ನ ತಲೆ ಓಡಿತು. ಕಾಲನಿಯಲ್ಲಿ ಯಾರ ವಸ್ತುವನ್ನು ಯಾರೂ ಕದಿಯುವುದಿಲ್ಲ? ಸುಕೇಶನ ವಸ್ತುವನ್ನು. ಮಾತ್ರೆಯ ಡಬ್ಬಿ ಅವನ ಹತ್ತಿರವೇ ಇರಲಿ. ಬೆಳಿಗ್ಗೆ ಸಂಜೆ ಅವನೇ ಬಂದು ಕೊಟ್ಟು ಹೋಗಲಿ!

ಡಾಕ್ಟರು ನನ್ನನ್ನೇ ನೋಡಿದರು. "ನಿಮಗೆ ತಲೆ ಕೆಟ್ಟಿದೆಯಾ?"

"ತಲೆ ಸರಿ ಉಂಟು ಡಾಕ್ಟ್ರೇ. ನಿಮ್ಮದು ಪುಸ್ತಕದ ಬುದ್ಧಿ. ನನ್ನದು ರಸ್ತೆಯ ಬುದ್ಧಿ" ಎಂದೆ. ಬೇರೆ ದಾರಿ ಕಾಣದೆ ಡಾಕ್ಟರು ಒಪ್ಪಿದರು. ನನ್ನ ಆ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಸುಕೇಶನಲ್ಲಿ ಕೇಳಿದಾಗ ಅವನು ಕೇರಂ ಆಡುತ್ತಿದ್ದ ಹುಡುಗರನ್ನು ಕಣ್ಸನ್ನೆಯಲ್ಲೇ ಹೊರಗೆ ಕಳುಹಿಸಿದ. "ವಾರಿಜಕ್ಕನಿಗಾ?" ಎಂದ. ಆಮೇಲೆ, "ಅವರು ಒಪ್ಪಿದ್ದಾರಾ?"

"ಅಷ್ಟು ನೋವಿನಲ್ಲಿ ಇರುವವರು ಒಪ್ಪುವುದು ಎಂತ, ಬಿಡುವುದು ಎಂತ ಮಾರಾಯ? ಅವರಿಗೆ ನಾನು ಹೇಳ್ತೇನೆ."

"ಹಾಗಾದರೆ ಕೊಡಿ. ನನ್ನ ಕೈಯಾರೆ ಕೊಡ್ತೇನೆ" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಪರವಾಗಿಲ್ಲ, ರೌಡಿಗೂ ಕರುಳುಂಟು ಎಂದುಕೊಂಡೆ.

ವಾರಿಜಕ್ಕನಿಗೆ ಹೇಳಿದಾಗ ಅವರು ಗೋಡೆಯ ಕಡೆ ನೋಡಿ "ಆಯ್ತು" ಎಂದರು. ಪ್ರಭಾವತಿ ಗಂಜಿ ತಿರುವುತ್ತಿದ್ದವಳು ಒಲೆ ಹಾಗೆಯೇ ಬಿಟ್ಟು ಹಿತ್ತಿಲಿಗೆ ಹೋದಳು. ಗಂಜಿ ಉಕ್ಕಿತು, ನಾನೇ ಇಳಿಸಿದೆ. ಏನೆಂದು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಮರುಳಾಗಿದ್ದೆ.

ಮುಂದಿನ ವಾರ ಹೋದಾಗ ನೋವು ಹಾಗೆಯೇ ಇತ್ತು. ಅದರ ಮುಂದಿನ ವಾರ ಹೆಚ್ಚಾಗಿತ್ತು. ಡಾಕ್ಟರು ಪ್ರಮಾಣ ಏರಿಸಿದರು, ಒಂದು ಮಾತ್ರೆ ಇದ್ದದ್ದು ಎರಡಾಯಿತು. ಆದರೂ ಅಷ್ಟೆ. ಸೆರಗು ಕಚ್ಚುತ್ತಿದ್ದವರು ಈಗ ಕೈ ಕಚ್ಚಿಕೊಳ್ಳತೊಡಗಿದರು. ಮಣಿಕಟ್ಟಿನ ಮೇಲೆ ಹಲ್ಲಿನ ಗುರುತು ನೋಡಿ ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು. ಮಾತ್ರೆ ಹೊಟ್ಟೆಗೆ ಹೋದರೆ ನೋವು ಹೀಗೆ ಇರುವುದಿಲ್ಲ. ಅಂದರೆ ಹೋಗುತ್ತಿಲ್ಲ. ಸುಕೇಶ ಮಾರುತ್ತಿದ್ದಾನೆ!

ನನಗೆ ಸಿಟ್ಟು ಬಂದರೆ ಹೆದರಿಕೆ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಸೀದಾ ಕ್ಲಬ್ಬಿಗೆ ನುಗ್ಗಿ, ಹುಡುಗರೆಲ್ಲರ ಎದುರಿಗೇ ಕಿರುಚಿದೆ. "ನಾಚಿಕೆ ಆಗುವುದಿಲ್ಲವಾ ನಿನಗೆ? ಸಾಯುವವರ ಬಾಯಿಯ ಮಾತ್ರೆ ಮಾರಿ ತಿನ್ನುತ್ತೀಯಲ್ಲ! ಥೂ, ನಿನ್ನ ಜನ್ಮಕ್ಕೆ!"

ಕೇರಂ ಬೋರ್ಡಿನ ಸದ್ದು ನಿಂತಿತು. ಒಬ್ಬ ನನ್ನ ಹಿಂದೆ ಬಂದು ಬಾಗಿಲು ಮುಚ್ಚಿದ. ಇನ್ನೊಬ್ಬ ನನ್ನ ಕೈಯಿಂದ ಸ್ಕೂಟರಿನ ಕೀ ಕಿತ್ತುಕೊಂಡ. ಆಗ ನನಗೆ ನಾನು ಎಲ್ಲಿದ್ದೇನೆ ಎಂಬುದು ತಿಳಿಯಿತು. ಸಾಯ್ಬಾ, ಕಾಪಾಡು ದೇವರೇ, ಎಂದು ಒಳಗೊಳಗೇ ಹೇಳಿಕೊಂಡೆ.

ಸುಕೇಶ ಎದ್ದು ಬಂದ. ಅವನ ಮುಖ ಬೆಳ್ಳಗಾಗಿತ್ತು. "ಕೀ ಕೊಡೋ ಅವರಿಗೆ" ಎಂದ. ನನ್ನ ಕಡೆ ತಿರುಗಿ, "ಒಂದೇ ಒಂದು ಮಾತ್ರೆ ನಾನು ಮಾರಿದ್ದರೆ ನನ್ನ ಕೈಗೆ ಹುಳ ಬೀಳಲಿ ಸಿಸ್ಟರ್. ನಾನೇ ಹೋಗಿ ಬಾಯಿಗೆ ಹಾಕ್ತೇನೆ. ಅವರು ಬಾಯಿ ತೆರೀತಾರೆ. ಇನ್ನೊಮ್ಮೆ ಹೀಗೆ ಹೇಳಬೇಡಿ" ಎಂದ. ಹೇಳಿದ ರೀತಿಯಲ್ಲಿ ಸುಳ್ಳು ಇರಲಿಲ್ಲ. ಸುಳ್ಳು ನನಗೆ ಗೊತ್ತಾಗುತ್ತದೆ, ಅಷ್ಟು ಕೇಳಿದ್ದೇನೆ.

ಅಲ್ಲಿಂದ ಹೂವಪ್ಪನ ಮನೆಗೆ ಹೋದೆ. ಅವನು ವಾರಿಜಕ್ಕನ ಪಕ್ಕದ ಮನೆಯವನು, ಗದಗ ಕಡೆಯಿಂದ ಕಲ್ಲು ಕಡಿಯಲು ಬಂದು ಇಲ್ಲೇ ಉಳಿದವನು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಒಣಗುತ್ತಿರಲಿಲ್ಲ. ನಾನು ಕೂರುವ ಮೊದಲೇ ಅವನೇ ಪಟ್ಟಿ ಬಿಚ್ಚಿದ. ಕ್ಲಬ್ಬಿನಲ್ಲಿ ನಡೆದದ್ದು ಆಗಲೇ ಅವನ ಕಿವಿಗೆ ಬಿದ್ದಿತ್ತು.

"ಅವ ಕದ್ದಿಲ್ರೀ ಸಿಸ್ಟರಮ್ಮಾ" ಎಂದ ತಗ್ಗಿದ ದನಿಯಲ್ಲಿ. "ಆಕೀನ ನುಂಗೂದಿಲ್ಲ."

"ಯಾಕೆ?"

ಅವನು ಬಾಗಿಲ ಕಡೆ ನೋಡಿದ. "ನಿಮಗ ಯಾರೂ ಹೇಳಿಲ್ಲೇನ್ರೀ? ಆಕಿ ಮಗ ಮಾಧವನ್ನ ಹೊಡದು ಕೊಂದಾವ ಸುಕೇಶಣ್ಣನ ಅದಾನ್ರೀ. ಈ ಹೊಂಡದ ದಂಡಿ ಮ್ಯಾಲ. ಜೆಲ್ಲಿ ಲಾರಿ ವ್ಯವಹಾರದಾಗ ಜಗಳ ಬಂದಿತ್ತು. ನಾ ನನ್ನ ಕಣ್ಣಾರೆ ನೋಡೀನಿ."

"ಕೋರ್ಟಿನಲ್ಲಿ?"

"ಕಂಡಿಲ್ಲ ಅಂದೆ" ಎಂದ ಹೂವಪ್ಪ. "ಎಲ್ಲಾರೂ ಹಂಗ ಅಂದ್ರು. ಹೊಟ್ಟಿ ಐತ್ರೀ, ಹೆಂಡ್ತಿ ಅದಾಳ. ಅವ ಬಿಡುಗಡಿ ಆಗಿ ಬಂದ."

ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಹೂವಪ್ಪನ ಕಾಲಿಗೆ ಪಟ್ಟಿ ಕಟ್ಟಿದೆನೋ ಇಲ್ಲವೋ ಅದೂ ನೆನಪಿಲ್ಲ. ಎದ್ದು ಪಕ್ಕದ ಮನೆಗೆ ಹೋದೆ.

ವಾರಿಜಕ್ಕ ಒಬ್ಬರೇ ಮಲಗಿದ್ದರು. ಎಲೆಯಡಿಕೆ ಉಗುಳಲು ತಲೆಯ ಹತ್ತಿರ ಒಂದು ತಗಡಿನ ಡಬ್ಬಿ ಇಟ್ಟುಕೊಂಡಿದ್ದರು. ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದೆ. ಕೆಂಪು ರಸದಲ್ಲಿ ಎರಡು ಮಾತ್ರೆ, ಅಂಚು ಕರಗಿ ಮೆತ್ತಗಾಗಿದ್ದವು. ಬೆಳಗಿನ ಪಾಲು.

"ಯಾಕೆ ಹೇಳಲಿಲ್ಲ ನನಗೆ?" ಎಂದೆ.

"ನೀವು ಕೇಳಿದಿರಾ?" ಎಂದರು ವಾರಿಜಕ್ಕ. "ಬಂದಿರಿ, ಸುಕೇಶ ಕೊಡ್ತಾನೆ ಅಂದಿರಿ. ಬೇಡ ಅಂತ ನಾನು ಅವನ ಮುಖಕ್ಕೆ ಹೇಳಿದರೆ ಮನೆಯಲ್ಲಿ ಸೊಸೆ ಇದ್ದಾಳೆ ಸಿಸ್ಟರ್, ಪ್ರಾಯದವಳು. ಬಾಗಿಲು ಮೊದಲೇ ಮುರಿದಿದೆ."

ಆಮೇಲೆ ಉಳಿದದ್ದನ್ನು ಹೇಳಿದರು. ಮಗನ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮನೆತನದ ದೈವದ ಸ್ಥಾನಕ್ಕೆ ಹೋಗಿ ಆಣೆ ಹಾಕಿದ್ದರಂತೆ. ಆ ಕೈಯಿಂದ ಅನ್ನ, ನೀರು, ಔಷಧ ಯಾವುದನ್ನೂ ಗಂಟಲಿಗೆ ಇಳಿಸುವುದಿಲ್ಲ ಎಂದು. ಬಾಯಿಗೆ ಹಾಕಿಸಿಕೊಳ್ಳುತ್ತಿದ್ದರು, ಅವನು ಮೆಟ್ಟಿಲು ಇಳಿದ ಮೇಲೆ ಉಗುಳುತ್ತಿದ್ದರು.

"ಕೋರ್ಟಿನಲ್ಲಿ ಯಾರೂ ನೋಡಲಿಲ್ಲ ಅಂದರು" ಎಂದರು. "ಮಾಧವನಿಗೆ ಅಂತ ಉಳಿದದ್ದು ಇದೊಂದೇ."

"ಆಣೆ ಬಿಡಿಸಲಿಕ್ಕೆ ಆಗುವುದಿಲ್ಲವಾ?"

"ಆಗ್ತದೆ. ಇಬ್ಬರೂ ಸ್ಥಾನಕ್ಕೆ ಹೋಗಬೇಕು. ಅವನು ತಪ್ಪಾಯಿತು ಅಂತ ದೈವದ ಎದುರು ಬಾಯಿಬಿಟ್ಟು ಹೇಳಬೇಕು." ಅಷ್ಟು ಹೇಳುವುದರೊಳಗೆ ನೋವು ಬಂದು, ಮತ್ತೆ ಕೈಯನ್ನು ಬಾಯಿಗೆ ಕೊಂಡುಹೋದರು. ನಾನು ಆ ಕೈಯನ್ನು ಬಿಡಿಸಿ ನನ್ನ ಕೈ ಕೊಟ್ಟೆ. ಕಚ್ಚಿದರು. ಕಚ್ಚಲಿ ಎಂದು ಸುಮ್ಮನಿದ್ದೆ.

ಮರುದಿನ ಸುಕೇಶನನ್ನು ಒಬ್ಬನೇ ಇದ್ದಾಗ ಹಿಡಿದೆ. ನಿನ್ನೆಯ ಮಾತಿಗೆ ಮೊದಲು ಕ್ಷಮೆ ಕೇಳಿದೆ. ಆಮೇಲೆ, ಅವರು ಒಂದೂ ನುಂಗಿಲ್ಲ ಎಂದೆ.

ಅವನು ಬೆಂಚಿನ ಮೇಲೆ ಕುಸಿದು ಕೂತ. "ದಿನಾ ಬಾಯಿ ತೆರೀತಿದ್ದರು" ಎಂದ. "ನಾನು... ಅವರು ಕ್ಷಮಿಸಿಬಿಟ್ಟಿದ್ದಾರೆ ಅಂತ, ನನ್ನನ್ನು..." ಒಂದು ಕ್ಷಣ, ಒಂದೇ ಕ್ಷಣ, ಅವನನ್ನು ನೋಡಿ ನನಗೆ ಪಾಪ ಅನಿಸಿತು.

"ಹಾಗಾದರೆ ಸ್ಥಾನಕ್ಕೆ ಹೋಗುವ. ವಾರಿಜಕ್ಕನನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ನಾನೂ ಬರ್ತೇನೆ. ತಪ್ಪಾಯಿತು ಅಂತ ಒಂದು ಮಾತು. ಅಷ್ಟೇ ಅಲ್ವಾ?"

"ಅಷ್ಟೇಯಾ?" ಅವನು ತಲೆ ಎತ್ತಿದ. "ಕೋರ್ಟು ನನ್ನನ್ನು ಬಿಟ್ಟಿದೆ ಸಿಸ್ಟರ್. ದೈವದ ಎದುರು ತಪ್ಪಾಯಿತು ಅಂದರೆ ಮಾರನೇ ದಿನ ಈ ಕಾಲನಿಯಲ್ಲಿ ಯಾರೂ ನನಗೆ ಹೆದರುವುದಿಲ್ಲ. ಇಲ್ಲಿ ಹೆದರಿಕೆ ಹೋದರೆ ನನ್ನ ಹೆಣ ಅದೇ ಹೊಂಡದಲ್ಲಿ ಸಿಗ್ತದೆ. ನನ್ನನ್ನು ಕಾಯ್ತಾ ಇರುವವರು ಎಷ್ಟು ಜನ ಗೊತ್ತುಂಟಾ?"

"ಸರಿ, ಬೇಡ. ಡಬ್ಬಿಯನ್ನು ಪ್ರಭಾವತಿಗೆ ಕೊಡು. ಹುಡುಗರಿಗೆ ಮಾತ್ರ ಆ ಮನೆ ಮುಟ್ಟಬೇಡಿ ಅಂತ ಹೇಳು."

"ಆಗಲಿಕ್ಕಿಲ್ಲ." ಅವನ ದನಿ ಮತ್ತೆ ಮೆತ್ತಗಾಗಿತ್ತು, ಅದು ನನಗೆ ಹೆಚ್ಚು ಹೆದರಿಕೆ ತಂದಿತು. "ನಾನು ದಿನಾ ಹೋಗಿ ಕೊಡುವುದನ್ನು ಎಲ್ಲರೂ ನೋಡ್ತಾರೆ. ನಿಲ್ಲಿಸಿದರೆ ಮುದುಕಿ ಬೇಡ ಅಂದಳು ಅಂತ ಆಗ್ತದೆ. ಕೊಡುವುದಾದರೆ ನನ್ನ ಕೈಯಿಂದಲೇ. ಇಲ್ಲದಿದ್ದರೆ ಡಬ್ಬಿ ನೀವೇ ತೆಗೆದುಕೊಂಡು ಹೋಗಿ. ಆಮೇಲೆ ಆ ಮನೆಗೆ ಯಾರು ನುಗ್ಗಿದರು, ನಿಮ್ಮ ಸ್ಕೂಟರಿಗೆ ಎಂತ ಆಯಿತು ಅಂತ ನನ್ನನ್ನು ಕೇಳಬೇಡಿ."

ಮನೆಯ ದಾರಿಯಲ್ಲಿ ಕಾಪುವಿನವರೆಗೆ ಅಳುತ್ತಲೇ ಸ್ಕೂಟರ್ ಓಡಿಸಿದೆ. ಹಾಸಿಗೆಗಾಗಿ ಡಾಕ್ಟರಲ್ಲಿ ಜಗಳ ಮಾಡಿದೆ, ಪರಿಚಯದ ಪಾದ್ರಿಗಳಿಗೆ ಫೋನ್ ಮಾಡಿದೆ, ಇನ್ನೆರಡು ಕಡೆ ಕೇಳಿದೆ. ಎಲ್ಲರೂ ನೋಡುತ್ತೇವೆ ಎಂದರು. ಡಾಕ್ಟರು ಮಾತ್ರ ಒಂದು ಕೆಲಸದ ಮಾತು ಹೇಳಿದರು: "ಇಷ್ಟು ವಾರ ಅವರ ಮೈಗೆ ಮಾರ್ಫಿನ್ ಹೋಗಿಯೇ ಇಲ್ಲ. ನುಂಗಿದರೆ ಒಂದರಿಂದಲೇ ಶುರುವಾಗಬೇಕು, ಎರಡು ಕೊಟ್ಟರೆ ಉಸಿರು ನಿಂತೀತು."

ಮತ್ತೆ ಹೋದಾಗ ವಾರಿಜಕ್ಕನ ಕೂಗು ಹೊಂಡದ ಆಚೆಗೇ ಕೇಳುತ್ತಿತ್ತು. ಅದು ಮನುಷ್ಯರ ಕೂಗಿನ ಹಾಗಿರಲಿಲ್ಲ. ಪ್ರಭಾವತಿ ಕೆಲಸಕ್ಕೆ ಹೋಗಿರಲಿಲ್ಲ, ಹೊಸ್ತಿಲಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ಎರಡೂ ಕಾಲು ಹಿಡಿದುಕೊಂಡಳು. "ಏನಾದರೂ ಮಾಡಿ ಸಿಸ್ಟರ್. ಇಲ್ಲದಿದ್ದರೆ ನಾನೇ ಅತ್ತೆಯ ಮುಖಕ್ಕೆ ದಿಂಬು ಒತ್ತಿಬಿಡ್ತೇನೆ."

ನಾನು ಒಳಗೆ ಹೋಗಿ ವಾರಿಜಕ್ಕನ ಪಕ್ಕದಲ್ಲಿ ಮೊಣಕಾಲೂರಿದೆ. "ನುಂಗಿಬಿಡಿ ವಾರಿಜಕ್ಕ. ಅವನ ಕೈ ಅಂತ ಎಣಿಸಬೇಡಿ, ನನ್ನ ಕೈ ಅಂತ ಎಣಿಸಿ. ನಾನು ನೋಡಲಾರೆ."

"ನೀವು ನೋಡಲಾರಿರಿ" ಎಂದರು. ಉಸಿರು ಎಳೆಯುತ್ತ ಮಾತಾಡುತ್ತಿದ್ದರು. "ಅಲ್ಲಿ ಮಾಧವ ಕೇಳಿದರೆ ಎಂತ ಹೇಳಲಿ?"

"ಸಿಸ್ಟರ್ ಒತ್ತಾಯ ಮಾಡಿದಳು ಅನ್ನಿ. ಪಾಪವೆಲ್ಲ ನನ್ನ ತಲೆಗೆ."

"ಆಣೆ ಹಾಕಿದ್ದು ನಾನು. ನಿಮ್ಮ ತಲೆಗೆ ಹೇಗೆ ಬರ್ತದೆ? ನಿಮ್ಮ ದೇವರು ಬಿಡಿಸ್ತಾರಾ ನನ್ನ ಆಣೆಯನ್ನು?"

ಅಲ್ಲಿಗೆ ನಾನು ಬಿಡಬೇಕಿತ್ತು. ಬಿಡಲಿಲ್ಲ. ಹೊಸ್ತಿಲಲ್ಲಿ ಕೂತ ಸೊಸೆಯನ್ನು ತೋರಿಸಿದೆ, ದಿಂಬಿನ ಮಾತನ್ನು ಹೇಳಿದೆ. ಅವಳ ಕೈಯಲ್ಲಿ ಆ ಕೆಲಸ ಮಾಡಿಸುತ್ತೀರಾ ಎಂದು ಕೇಳಿದೆ. ಅವಳು ಜೈಲಿಗೆ ಹೋಗಲಾ ಎಂದೆ. ಎಲ್ಲಿ ಒತ್ತಿದರೆ ಮನುಷ್ಯರು ಸೋಲುತ್ತಾರೆ ಎಂಬುದು ನನ್ನ ಕೆಲಸದಲ್ಲಿ ಗೊತ್ತಾಗಿಬಿಡುತ್ತದೆ. ವಾರಿಜಕ್ಕ ಕಣ್ಣು ಮುಚ್ಚಿದರು. "ಕರೀರಿ ಅವನನ್ನು" ಎಂದರು.

ಸುಕೇಶ ಸ್ನಾನ ಮಾಡಿ, ಹೊಸ ಅಂಗಿ ಹಾಕಿಕೊಂಡು ಬಂದ. ಒಂದೇ ಮಾತ್ರೆ ಎಂದು ಹೇಳಿ ನಾನು ಪಕ್ಕಕ್ಕೆ ಸರಿದೆ. ಅವನು ತಲೆಯ ಹತ್ತಿರ ಕೂತು ಮಾತ್ರೆಯನ್ನು ಅವರ ನಾಲಿಗೆಯ ಮೇಲಿಟ್ಟ. ಲೋಟದ ನೀರನ್ನೂ ಅವನೇ ಹಿಡಿದ. ವಾರಿಜಕ್ಕ ಕುಡಿದರು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಬಾಯಿಯನ್ನು ಅಗಲವಾಗಿ ತೆರೆದು, ನಾಲಿಗೆ ಎತ್ತಿ, ಒಳಗೆ ಏನೂ ಇಲ್ಲ ಎಂದು ತೋರಿಸಿದರು. ಅವನಿಗಲ್ಲ, ನನಗೆ.

ಸುಕೇಶನ ಮುಖ ಅರಳಿತು. ಎಷ್ಟೋ ವರ್ಷದ ಭಾರ ಇಳಿದವನ ಹಾಗೆ ಎದ್ದು, ಅವರ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೊರಗೆ ಹೋದ. ಅವನು ಹಿಡಿದ ಲೋಟವನ್ನು ನಾನು ಹಿತ್ತಿಲಿಗೆ ಒಯ್ದು ತೊಳೆದೆ.

ಮಾತ್ರೆ ಕೆಲಸ ಮಾಡಿತು. ಮಾಡದೆ ಏನು, ಒಳ್ಳೆಯ ಔಷಧ ಅದು. ಮುಂದಿನ ಸಲ ಹೋದಾಗ ವಾರಿಜಕ್ಕ ಶಾಂತವಾಗಿ ಮಲಗಿದ್ದರು. ಗಂಜಿ ಊಟ ಮಾಡಿದ್ದಾರೆ, ರಾತ್ರಿ ನಿದ್ದೆ ಮಾಡುತ್ತಾರೆ ಎಂದಳು ಪ್ರಭಾವತಿ. ಕೈಯ ಮೇಲಿನ ಗಾಯಗಳು ಮಾಯುತ್ತಿದ್ದವು. ನಾನು ಹಾಸಿಗೆಯ ಪಕ್ಕ ಕೂತು, ನೋವು ಹೇಗುಂಟು ವಾರಿಜಕ್ಕ ಎಂದು ಕೇಳಿದೆ.

"ಇಲ್ಲ."

ಆ ಮಾತನ್ನು ಕೇಳಬೇಕು ಎಂದು ನಾನು ಎಷ್ಟು ಪರದಾಡಿದ್ದೆ. ಬೆನ್ನು ಒರೆಸಿಕೊಡುತ್ತೇನೆ ಎಂದು ಬಟ್ಟೆ ಒದ್ದೆ ಮಾಡಿ ಹತ್ತಿರ ಹೋದೆ. ಅವರು ನನ್ನ ಕೈಯನ್ನು ಮೆಲ್ಲಗೆ, ಸಿಟ್ಟಿಲ್ಲದೆ, ಪಕ್ಕಕ್ಕೆ ಸರಿಸಿದರು.

"ಇನ್ನು ನೀವು ಬರುವುದು ಬೇಡ ಸಿಸ್ಟರ್" ಎಂದರು ವಾರಿಜಕ್ಕ. "ಮಾತ್ರೆ ಕೊಡ್ಲಿಕ್ಕೆ ಅವನಿದ್ದಾನಲ್ಲ."